ಮಲಗಿದವರನ್ನು ಎಬ್ಬಿಸಬೇಡಿ

ನನ್ನ ಅಕ್ಕನಿಗೆ ಅವಳ ಆಫೀಸಿನಲ್ಲಿ ಇಟ್ಟಿದ್ದ ಹೆಸರು ‘ಅಂಟು’. ಅದು ಬೈಗುಳವಲ್ಲ, ಬಿರುದು. ಇಂಟರ್ನೆಟ್ ಸಂಪರ್ಕ ಬೇಡ, ತೆಗೆದುಬಿಡಿ ಎಂದು ಫೋನ್ ಮಾಡಿದ ಗಿರಾಕಿ ಒಮ್ಮೆ ಅವಳ ಕೈಗೆ ಸಿಕ್ಕಿದನೆಂದರೆ ಬಿಡಿಸಿಕೊಂಡು ಹೋದದ್ದಿಲ್ಲ ಎಂಬ ಮೆಚ್ಚುಗೆಗೆ ಮೇಲ್ವಿಚಾರಕ ಕೊಟ್ಟ ಹೆಸರು. ಒಂದು ವರ್ಷ ಅದನ್ನೇ ಗಾಜಿನ ಫಲಕದಲ್ಲಿ ಕೆತ್ತಿಸಿ, ಚಪ್ಪಾಳೆ ಹೊಡೆಸಿ ಕೈಗಿತ್ತರು. ಅಕ್ಕ ಅದನ್ನು ಮನೆಗೆ ತಂದು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಳು. ಅದು ಅಲ್ಲಿಗೇ ಲಾಯಕ್ಕು ಎಂದು ನಾನು ಆಗಲೇ ಹೇಳಿದ್ದೆ.

ನಾನು ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವಳು. ನಮ್ಮಲ್ಲಿ ಪ್ರತಿ ಫ್ರೇಮಿನ ಕಿವಿಯ ಕಡ್ಡಿಗೂ ಒಂದು ಚೀಟಿ ಅಂಟಿಸಿರುತ್ತದೆ. ಯಾರ ಮೂಗಿನ ಮೇಲೆ ಕೂತರೂ ಅದೇ ಬೆಲೆ. ಹಾಗಾಗಿ ಅಕ್ಕನ ಕಂಪನಿಯ ಬೆಲೆ ನನ್ನ ತಲೆಗೆ ಹತ್ತಲು ಬಹಳ ಕಾಲ ಹಿಡಿಯಿತು. ಹತ್ತಿದ ಮೇಲೆ ಇಳಿಯಲೂ ಇಲ್ಲ.

ಅಕ್ಕ ಕೂರುತ್ತಿದ್ದದ್ದು ನಾಲ್ಕನೇ ಮಹಡಿಯಲ್ಲಿ. ನಲವತ್ತು ಕುರ್ಚಿ, ನಲವತ್ತು ಪರದೆ, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿನ ಸ್ಪಂಜು ಬೆವರು ಕುಡಿದು ಕುಡಿದು ಗಟ್ಟಿಯಾಗಿತ್ತು. ಗಿರಾಕಿಯ ಹೆಸರಿನ ಪಕ್ಕದಲ್ಲಿ ಒಂದು ಬಣ್ಣ ಬರುತ್ತಿತ್ತು. ಹಸಿರು ಎಂದರೆ ಕಂಪನಿಗೆ ಹೊಸಬ, ಅವನಿಗೆ ತಿಂಗಳಿಗೆ ನಾನೂರು. ಹಳದಿ ಎಂದರೆ ಹಳಬ, ವರ್ಷ ವರ್ಷ ಏರಿಸುತ್ತಾ ಹೋಗಬಹುದಾದವನು. ಕೆಂಪು ಎಂದರೆ ಸಿಟ್ಟಿಗೆದ್ದು ಹೊರಟು ನಿಂತವನು. ಕೆಂಪಿನವನಿಗೆ ಮೆಟ್ಟಿಲು ಮೆಟ್ಟಿಲಾಗಿ ಬೆಲೆ ಇಳಿಸಬೇಕು. ಮೊದಲು ಸಾವಿರ, ಆಮೇಲೆ ಎಂಟುನೂರು, ಆಮೇಲೆ ಆರುನೂರು. ಅದಕ್ಕೂ ಕೆಳಗಿನ ಮೆಟ್ಟಿಲುಗಳ ಕೀಲಿ ಅಕ್ಕನಂಥ ಮೂರು ನಾಲ್ಕು ಮಂದಿಯ ಕೈಯಲ್ಲಿ ಮಾತ್ರ. ಎಲ್ಲರ ಮನೆಗೂ ಹೋಗುತ್ತಿದ್ದದ್ದು ಅದೇ ತಂತಿ, ಅದರೊಳಗೆ ಓಡುತ್ತಿದ್ದದ್ದು ಅದೇ ವೇಗ. ಬೇರೆಯಾಗಿದ್ದದ್ದು ಗಿರಾಕಿಯ ಗಂಟಲು ಮಾತ್ರ.

ಈ ಮೆಟ್ಟಿಲುಗಳನ್ನು ಕಟ್ಟಿದವನು ಆರನೇ ಮಹಡಿಯಲ್ಲಿದ್ದ. ಬದುಕಿನಲ್ಲಿ ಒಂದು ದಿನ ಪಾಠ ಮಾಡದಿದ್ದರೂ ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ತಿಂಗಳಿಗೊಮ್ಮೆ ಕೆಳಗಿಳಿದು ಬಂದು, ಗೋಡೆಯ ಮೇಲೆ ಗೆರೆಗಳ ಚಿತ್ರ ಬಿಟ್ಟು, ಬೆಲೆ ಎನ್ನುವುದು ವಸ್ತುವಿಗೆ ಅಂಟಿದ್ದಲ್ಲ, ಮನುಷ್ಯನಿಗೆ ಅಂಟಿದ್ದು ಎಂದು ತಿಳಿಸಿ ಹೇಳುತ್ತಿದ್ದ. ಏನೂ ಕೇಳದೆ, ಬಿಲ್ಲನ್ನೂ ನೋಡದೆ ದುಡ್ಡು ಕಟ್ಟುತ್ತಾ ಹೋಗುವ ಹಳಬರಿಗೆ ಅವನು ಕೊಟ್ಟ ಹೆಸರು ‘ಮಲಗಿದವರು’. ಕಂಪನಿಯ ಲಾಭದಲ್ಲಿ ಮುಕ್ಕಾಲು ಪಾಲು ಅವರದ್ದೇ. ಅವರಿಗೆ ಕಾಗದ ಹಾಕಬಾರದು, ಹೊಸ ಪ್ಲಾನಿನ ಸುದ್ದಿ ತಿಳಿಸಬಾರದು, ಹಬ್ಬಕ್ಕೆ ಶುಭಾಶಯವನ್ನೂ ಕಳಿಸಬಾರದು. ನಾಲ್ಕನೇ ಮಹಡಿಯ ಲಿಫ್ಟಿನ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ಮಲಗಿದವರನ್ನು ಎಬ್ಬಿಸಬೇಡಿ. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಎಂದು ನೇರವಾಗಿ ಬರೆಸಿದ್ದರೆ ಕನಿಷ್ಠ ಪ್ರಾಮಾಣಿಕತೆಯಾದರೂ ಇದೆ ಎನ್ನಬಹುದಿತ್ತು.

ಅಕ್ಕ ಅಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದಳು. ಆ ಕೆಲಸ ಅವಳಿಗೆ ಹಿಡಿಸಿತ್ತು ಎಂಬುದನ್ನು ಮುಚ್ಚಿಟ್ಟು ಹೇಳಿದರೆ ಈ ಕತೆ ಸುಳ್ಳಾಗುತ್ತದೆ. ಕೂಗಾಡುವವನನ್ನು ಐದು ನಿಮಿಷದಲ್ಲಿ ‘ಥ್ಯಾಂಕ್ಸ್ ಮೇಡಂ’ ಅನ್ನಿಸುವುದರಲ್ಲಿ ಅವಳಿಗೆ ಕುಸ್ತಿಯವರ ಖುಷಿ ಇತ್ತು. ಊಟಕ್ಕೆ ಕೂತಾಗ ಅವರ ದನಿಗಳನ್ನು ಅಣಕಿಸಿ ನಮ್ಮನ್ನು ನಗಿಸುತ್ತಿದ್ದಳು. ನಾವೂ ನಕ್ಕಿದ್ದೇವೆ.

ಹತ್ತನೇ ವರ್ಷದ ಮೊದಲಿಗೆ ಮೇಷ್ಟ್ರಿಗೆ ಹೊಸ ಬುದ್ಧಿ ಬಂತು. ಮಲಗಿದವರನ್ನು ಎಬ್ಬಿಸದೆಯೇ ಇನ್ನೊಂದು ಮಗ್ಗುಲಿಗೆ ಹೊರಳಿಸಿದರೆ ಹೇಗೆ? ಅತಿ ಹಳೆಯ ಗಿರಾಕಿಗಳಿಗೆ ಫೋನ್ ಮಾಡುವುದು, ಇಷ್ಟು ವರ್ಷ ಜೊತೆಗಿದ್ದದ್ದಕ್ಕೆ ಕೃತಜ್ಞತೆ ಎಂದು ಬೆಣ್ಣೆ ಹಚ್ಚುವುದು, ಹೊಸ ವೈಫೈ ಡಬ್ಬಿಯೊಂದನ್ನು ಪುಕ್ಕಟೆ ಕೊಡುವುದು, ಅದರ ಜೊತೆಯಲ್ಲೇ ತಿಂಗಳಿಗೆ ಇನ್ನೂರು ಏರಿಸುವುದು. ಮಾತಿನಲ್ಲಿ ಚತುರರಾದವರಿಗೆ ತಲಾ ಅರವತ್ತು ಹೆಸರು ಹಂಚಿದರು. ಅಕ್ಕ ಹದಿನಾರು ಮಂದಿಗೆ ಫೋನ್ ಮಾಡಿದಳು. ಐವರು ಡಬ್ಬಿ ತೆಗೆದುಕೊಂಡರು. ಹದಿನೇಳನೆಯ ಹೆಸರು ನಮ್ಮ ಅಮ್ಮನದು.

ಅಮ್ಮ ಕಿಟಕಿ ಪರದೆ ಹೊಲಿದು ನಮ್ಮಿಬ್ಬರನ್ನು ಸಾಕಿದವಳು. ಈಗ ಒಬ್ಬಳೇ ಇರುವ ಎರಡು ಕೋಣೆಯ ಮನೆಯಲ್ಲೂ ಹೊಲಿಗೆ ಯಂತ್ರ ಬಿಟ್ಟಿಲ್ಲ. ಇಂಟರ್ನೆಟ್ ಅವಳಿಗೆ ಬೇಕಿದ್ದದ್ದು ಒಂದೇ ಕೆಲಸಕ್ಕೆ. ಬೇರೆ ಊರಿನಲ್ಲಿರುವ, ಮುಖ ನೋಡಿಲ್ಲದ ನಿವೃತ್ತ ಬಡಗಿಯೊಬ್ಬರ ಜೊತೆ ಟ್ಯಾಬಿನ ಮೇಲೆ ಚೆಸ್ ಆಡುತ್ತಾಳೆ. ದಿನಕ್ಕೆ ಎರಡೋ ಮೂರೋ ನಡೆ. ಸಂಪರ್ಕ ಹಾಕಿಸಿದ್ದು ಹದಿನಾಲ್ಕು ವರ್ಷದ ಹಿಂದೆ, ಅಪ್ಪ ಇದ್ದಾಗ, ನಾವು ನಾಲ್ವರೂ ಒಂದೇ ಸೂರಿನಡಿ ಇದ್ದಾಗ. ದೊಡ್ಡ ಸಂಸಾರದ ಪ್ಲಾನು. ಅಪ್ಪ ಹೋದರು, ನಾವು ಬೇರೆ ಮನೆ ಮಾಡಿದೆವು, ಪ್ಲಾನು ಮಾತ್ರ ಅಲ್ಲೇ ಕೂತು ಬೆಳೆಯಿತು. ಅಕ್ಕನ ಪರದೆಯ ಮೇಲೆ ಹಳದಿ ಬಣ್ಣದ ಎದುರಿಗೆ ಸಾವಿರದ ಮುನ್ನೂರು ಎಂದಿತ್ತು. ಅದೇ ಕಟ್ಟಡದ ಕೆಳಮನೆಯವನು, ಹಗಲೂ ರಾತ್ರಿ ಸಿನಿಮಾ ಇಳಿಸಿಕೊಳ್ಳುವವನು, ಕೊಡುತ್ತಿದ್ದದ್ದು ನಾನೂರು.

ಒಂಬತ್ತು ವರ್ಷ ಅಲ್ಲಿ ಕೂತವಳಿಗೆ ಸ್ವಂತ ತಾಯಿ ಎಷ್ಟು ಕಟ್ಟುತ್ತಾಳೆ ಎಂದು ಒಮ್ಮೆಯೂ ಕೇಳಬೇಕು ಅನ್ನಿಸಿರಲಿಲ್ಲ. ಮನೆಯವರ ಖಾತೆ ಮುಟ್ಟಬಾರದೆಂಬ ನಿಯಮವಿತ್ತು ಎಂದು ಆಮೇಲೆ ಹೇಳಿದಳು. ಮುಟ್ಟಬೇಡ, ಕೇಳಬಹುದಿತ್ತಲ್ಲ ಎಂದೆ.

ಆ ಭಾನುವಾರ ಅಮ್ಮನ ಮನೆಯಲ್ಲಿ ಅಕ್ಕ ಎಲ್ಲವನ್ನೂ ಬಿಡಿಸಿ ಹೇಳಿ, ಫೋನ್ ಮಾಡಿ ಬಿಡುತ್ತೇನೆ ಎನ್ನು, ಮೂರು ಸಲ ಗಟ್ಟಿಯಾಗಿ ಹೇಳು, ತಾವಾಗಿಯೇ ಇಳಿಸುತ್ತಾರೆ ಎಂದು ಕಲಿಸಿಕೊಟ್ಟಳು. ಅಮ್ಮ ಪರದೆಯ ಅಂಚು ಮಡಚುತ್ತಾ ಕೇಳಿಸಿಕೊಂಡಳು.

“ಬಿಡೋ ಮನಸ್ಸಿಲ್ಲದೆ ಬಿಡ್ತೀನಿ ಅಂತ ಹೇಗೆ ಹೇಳ್ಲಿ?” ಎಂದಳು.

“ಎಲ್ಲರೂ ಹಾಗೇ ಹೇಳೋದಮ್ಮ. ಅದೊಂದು ಆಟ.”

“ಹಾಗಾದ್ರೆ ಕೂಗಾಡೋರಿಗೆ ಕಡಿಮೆ, ಸುಮ್ನಿರೋರಿಗೆ ಜಾಸ್ತಿ. ಸುಳ್ಳು ಹೇಳೋರಿಗೆ ಇನ್ನೂ ಕಡಿಮೆ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ಗಾದೆ ಕೇಳಿದ್ದೆ. ಅದಕ್ಕೆ ಸಂಬಳ ಕೊಟ್ಟು ಜನ ಇಟ್ಟಿರ್ತಾರೆ ಅಂತ ಗೊತ್ತಿರಲಿಲ್ಲ.” ಅಂಚಿನ ದಾರ ಕತ್ತರಿಸಿ ಕೇಳಿದಳು: “ನೀನು ದಿನಾ ಹೋಗ್ತಿದ್ದದ್ದು ಈ ಕೆಲಸಕ್ಕಾ?”

ಅದನ್ನು ಸಿಟ್ಟಿನಿಂದ ಕೇಳಲಿಲ್ಲ. ಹೊಲಿಗೆಗೆ ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಕಳಪೆ ಎಂದು ಗೊತ್ತಾದಾಗ ಬದಿಗಿಡುವ ದನಿ ಅದು. ಅಕ್ಕ ತಟ್ಟೆಯಲ್ಲಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಎರಡು ದಿನದ ಮೇಲೆ ನಮ್ಮ ಅಂಗಡಿಗೆ ರಜೆ ಇತ್ತು. ನಾನು ಅಮ್ಮನ ಮನೆಯಲ್ಲಿದ್ದೆ. ಅಮ್ಮ ಯಂತ್ರದ ಪಕ್ಕ ಫೋನ್ ಇಟ್ಟು, ಸ್ಪೀಕರ್ ಹಾಕಿ, ಕಂಪನಿಗೆ ಕರೆ ಮಾಡಿದಳು. ಎಳೆ ದನಿಯ ಹುಡುಗಿಯೊಬ್ಬಳು ಸಿಕ್ಕಿ, ಒಂದು ನಿಮಿಷದಲ್ಲಿ ಮೂರು ಸಲ ಅಮ್ಮನ ಹೆಸರು ಹಿಡಿದು ಕರೆದಳು. ಸಂಪರ್ಕ ತೆಗೆದುಬಿಡಿ ಎಂದಳು ಅಮ್ಮ. ಹುಡುಗಿ ಸಾವಿರಕ್ಕೆ ಇಳಿದಳು. ಅಮ್ಮ ಮಾತಾಡಲಿಲ್ಲ. ಎಂಟುನೂರಕ್ಕೆ ಬಂದಳು. ಆಗಲೂ ಮಾತಿಲ್ಲ. ಸುಮ್ಮನಿದ್ದಷ್ಟೂ ಬೆಲೆ ಬೀಳುತ್ತದೆ ಎಂಬುದು ಅಮ್ಮನಿಗೆ ತಿಳಿಯದು; ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಆರುನೂರು ಎಂದ ಮೇಲೆ ಹುಡುಗಿಯ ಕೈಯಲ್ಲಿ ಮೆಟ್ಟಿಲು ಮುಗಿಯಿತು. ಒಂದು ನಿಮಿಷ, ನಮ್ಮ ಹಿರಿಯರು ಮಾತಾಡುತ್ತಾರೆ ಎಂದಳು. ಸಂಗೀತ ಬಂತು. ಆಮೇಲೆ ಬಂದದ್ದು ಅಕ್ಕನ ದನಿ.

“ನಮಸ್ಕಾರ. ಹದಿನಾಲ್ಕು ವರ್ಷದಿಂದ ನಮ್ಮ ಜೊತೆ ಇದ್ದೀರಿ, ಧನ್ಯವಾದ. ಬಿಡೋದಕ್ಕೆ ಏನು ಕಾರಣ ಅಂತ ತಿಳ್ಕೋಬಹುದಾ?”

ಅಮ್ಮನ ಕೈ ನಿಂತಿತು. ನನ್ನ ಕಡೆ ನೋಡಿದಳು. ಇಬ್ಬರಿಗೂ ದನಿಯ ಗುರುತು ಸಿಕ್ಕಿತ್ತು. ಅತ್ತಲೂ ಪರದೆಯ ಮೇಲೆ ಹೆಸರಿದ್ದೇ ಇತ್ತು. ನಿಯಮದ ಪ್ರಕಾರ ಅಕ್ಕ ಕರೆಯನ್ನು ಬೇರೆಯವರಿಗೆ ದಾಟಿಸಬೇಕಿತ್ತು. ದಾಟಿಸಲಿಲ್ಲ.

“ಕಾರಣ ಇದೆ,” ಎಂದಳು ಅಮ್ಮ, ಗುರುತಿಲ್ಲದವರ ಹತ್ತಿರ ಆಡುವ ದನಿಯಲ್ಲೇ. “ಮೊನ್ನೆವರೆಗೂ ಸಾವಿರದ ಮುನ್ನೂರು ತಗೊಂಡ್ರಿ. ಈಗ ಹತ್ತು ನಿಮಿಷದಲ್ಲಿ ಆರುನೂರಕ್ಕೆ ಬಂದಿದ್ದೀರಿ. ನಾನೇನೂ ಕೇಳ್ಲಿಲ್ಲ. ಆರುನೂರಕ್ಕೆ ಕೊಡಬಹುದಾದ್ದನ್ನ ಇಷ್ಟು ವರ್ಷ ಈ ಬೆಲೆಗೆ ಕೊಟ್ಟೋರ ಹತ್ರ ನಾನು ಇನ್ನೇನು ವ್ಯವಹಾರ ಮಾಡ್ಲಿ?”

“ನಿಮಗೋಸ್ಕರ ವಿಶೇಷವಾಗಿ ನಾನೂರ ಐವತ್ತಕ್ಕೆ ಮಾಡಿಕೊಡಬಹುದು.” ಅಕ್ಕ ಎದುರಿಗಿದ್ದದ್ದನ್ನು ಓದುತ್ತಿದ್ದಳು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ.

“ಇದೇ ನಿಮ್ಮ ಕೊನೇ ಬೆಲೆನಾ?”

ಅತ್ತ ಉಳಿದ ಮೂವತ್ತೊಂಬತ್ತು ಕುರ್ಚಿಗಳ ಗುಜುಗುಜು ಮಾತ್ರ ಕೇಳಿಸುತ್ತಿತ್ತು.

“ಅಲ್ಲ. ಇನ್ನೊಂದಿದೆ. ಅದು ಬರಬೇಕಾದ್ರೆ ನೀವು ಇನ್ನೊಂದು ಸಲ ಬೇಡ ಅನ್ನಬೇಕು.”

“ಅನ್ನಲ್ಲ. ತೆಗೆದುಬಿಡಿ ಅಂತ ನಾನು ಒಂದೇ ಸಲ ಹೇಳೋದು. ಆಗಲೇ ಹೇಳಿದ್ದೀನಿ.”

“ತೆಗೆದೆ,” ಎಂದಳು ಅಕ್ಕ. ಕರೆ ಕಟ್ಟಾಯಿತು.

ಅಮ್ಮ ಮತ್ತೆ ಹೊಲಿಗೆಗೆ ಕೂತಳು. ನಾಲ್ಕೈದು ಹೊಲಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿದಳು. ಅಷ್ಟು ಬಿಟ್ಟರೆ ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ಅಕ್ಕನ ಪಟ್ಟಿಯಲ್ಲಿ ಇನ್ನು ಉಳಿದವರು ನಲವತ್ತಮೂರು ಮಂದಿ. ಮರುದಿನದಿಂದ ಮೂರು ದಿನ ಅವಳು ಅವರೊಬ್ಬೊಬ್ಬರಿಗೂ ಫೋನ್ ಮಾಡಿದಳು. ಕೃತಜ್ಞತೆಯ ಮಾತೂ ಇಲ್ಲ, ಡಬ್ಬಿಯ ಮಾತೂ ಇಲ್ಲ. ನೀವು ಹೊಸಬರಿಗಿಂತ ಮೂರು ಪಟ್ಟು ಕಟ್ಟುತ್ತಿದ್ದೀರಿ, ಈ ನಂಬರಿಗೆ ಕರೆ ಮಾಡಿ ಹೊಸ ಬೆಲೆ ಕೇಳಿ, ಕೊಡದಿದ್ದರೆ ಬಿಡಿ ಎಂದು ಹೇಳುತ್ತಾ ಹೋದಳು. ಎಲ್ಲ ಕರೆಗಳೂ ದಾಖಲಾಗುತ್ತವೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಮೂರು ಪಟ್ಟು ಎಂದು ಕೇಳಿದ ಜನ ಎದ್ದು ಕೂರುತ್ತಾರೆ ಎಂದು ಅಕ್ಕ ನಂಬಿದ್ದಳು. ಇದು ಯಾವುದೋ ಮೋಸದ ಕರೆ ಎಂದು ಆರು ಮಂದಿ ಬೈದು ಫೋನಿಟ್ಟರು. ಇರಲಿ ಬಿಡಮ್ಮ, ಈಗ ಯಾರು ಓಡಾಡುತ್ತಾರೆ ಎಂದರು ಹಲವರು. ಒಬ್ಬ ಹಲ್ಲಿನ ಡಾಕ್ಟರು, ನನ್ನ ಸಮಯಕ್ಕೆ ಬೆಲೆ ಇದೆ, ಇಂಥ ಚಿಲ್ಲರೆಗೆ ಕರೆ ಮಾಡಬೇಡಿ ಎಂದು ಗದರಿದ. ಒಬ್ಬಾಕೆ ಅರ್ಧ ಗಂಟೆ ಎಲ್ಲವನ್ನೂ ಬರೆದುಕೊಂಡು, ಕೊನೆಗೆ, ಹಾಗಾದರೆ ಆ ಪುಕ್ಕಟೆ ಡಬ್ಬಿ ನನಗೆ ಬರುವುದಿಲ್ಲವೇ ಎಂದು ಕೇಳಿದಳು. ಅವಳಿಗೆ ಡಬ್ಬಿಯ ಸುದ್ದಿ ಪಕ್ಕದ ಮನೆಯಿಂದ ಮುಟ್ಟಿತ್ತು. ನಲವತ್ತಮೂರರಲ್ಲಿ ನಿಜವಾಗಿ ಫೋನ್ ಮಾಡಿ ಬೆಲೆ ಇಳಿಸಿಕೊಂಡವರು, ಬಿಟ್ಟವರು, ಎಲ್ಲ ಸೇರಿ ಹನ್ನೊಂದು. ಅಲ್ಲಿಯವರೆಗೆ ಅಕ್ಕನ ತಿರಸ್ಕಾರ ಆರನೇ ಮಹಡಿಯ ಮೇಲಿತ್ತು. ಆ ಮೂರು ದಿನದಲ್ಲಿ ಅದು ಊರಗಲ ಹರಡಿತು. ಕಿವಿಗೆ ಹೂವಿಟ್ಟರೆ ತಲೆ ಓರೆ ಮಾಡಿ ಅನುಕೂಲ ಮಾಡಿಕೊಡುವ ಜನ ಎಂದು ನನ್ನೆದುರು ಹೇಳಿದಳು.

ನಾಲ್ಕನೇ ದಿನ ಮೇಲಿನಿಂದ ಕರೆ ಬಂತು. ಬೈಗುಳಕ್ಕೆ ಸಿದ್ಧಳಾಗಿಯೇ ಹೋದಳು. ಮೇಷ್ಟ್ರ ಮೇಜಿನ ಮೇಲೆ ಒಂದು ಕಾಗದವೂ ಇರಲಿಲ್ಲ. ಒಂದು ಗಿಡವಿತ್ತು, ಅದೂ ಪ್ಲಾಸ್ಟಿಕ್ಕಿನದು. ಕೂತುಕೊಳ್ಳಿ ಎಂದ. ನಗುತ್ತಿದ್ದ.

“ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ನಿಜ ಹೇಳ್ಬೇಕಂದ್ರೆ, ಇಂಥದ್ದೊಂದು ಪ್ರಯೋಗ ಮಾಡ್ಬೇಕು ಅಂತ ನನಗೆ ಎರಡು ವರ್ಷದಿಂದ ಆಸೆ. ಮೇಲಿನವರು ಒಪ್ತಿರಲಿಲ್ಲ. ನೀವು ಮಾಡಿಕೊಟ್ರಿ.” ಪರದೆಯನ್ನು ಅವಳ ಕಡೆ ತಿರುಗಿಸಿದ. “ಪೂರ್ತಿ ಸತ್ಯ ಹೇಳಿದ್ರೂ ನಲವತ್ತಮೂರರಲ್ಲಿ ಎದ್ದೋರು ಹನ್ನೊಂದೇ ಜನ. ನಾನು ಅರ್ಧ ಅಂದ್ಕೊಂಡಿದ್ದೆ. ಹಾಗಾಗಿ ಇನ್ನೂ ನೂರು ಏರಿಸಬಹುದು. ನಾವು ಸುಮ್ನೆ ಹೆದರ್ಕೊಂಡಿದ್ವಿ.”

ಮೂರು ದಿನ ಅಕ್ಕ ಕಂಪನಿಗೆ ಬೆಂಕಿ ಇಡುತ್ತಿದ್ದೇನೆ ಎಂದುಕೊಂಡಿದ್ದಳು. ಅವನು ಆ ಬೆಂಕಿಯಲ್ಲಿ ಚಳಿ ಕಾಯಿಸಿಕೊಂಡಿದ್ದ.

“ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬೀಳುತ್ತೆ?” ಎಂದು ಕೇಳಿದಳು.

“ನನಗಾ?” ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. “ಸಿಬ್ಬಂದಿಗೆ ಪುಕ್ಕಟೆ ಅಲ್ವಾ? ನಿಮಗೂ ಪುಕ್ಕಟೆನೇ.”

ಹೌದಾಗಿತ್ತು. ಒಂಬತ್ತು ವರ್ಷ ಅವಳೂ ಒಂದು ಕಾಸು ಕಟ್ಟಿರಲಿಲ್ಲ. ‘ಲಿಫ್ಟ್ ಹತ್ತದೆ ಮೆಟ್ಟಿಲಿಳಿದು ಬಂದೆ, ಎರಡು ಮಹಡಿ ಇಳಿಯುವಷ್ಟರಲ್ಲಿ ಆ ಮನುಷ್ಯನನ್ನು ಬೈಯಲು ನನಗೆ ಇದ್ದ ಬಾಯಿಯೂ ಹೋಯಿತು’ ಎಂದು ಅವಳು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಅಕ್ಕನ ಮೇಲೆ ನನಗೆ ಗೌರವ ಮರಳಿದ್ದು ಆ ಮಾತಿನಿಂದ, ಮೂರು ದಿನದ ಶೌರ್ಯದಿಂದಲ್ಲ.

ಕೆಲಸ ಬಿಡುತ್ತೇನೆ ಎಂದಾಗ ಮೇಲ್ವಿಚಾರಕ ಅವಳನ್ನು ಗಾಜಿನ ಕೋಣೆಗೆ ಕರೆದ. ಮೊದಲು ಅವಳ ಒಂಬತ್ತು ವರ್ಷಗಳನ್ನು ಹೊಗಳಿದ. ಆಮೇಲೆ ಸಂಬಳ ನೂರಕ್ಕೆ ಐದು ಏರಿಸುತ್ತೇನೆ ಎಂದ. ಅವಳು ಸುಮ್ಮನಿದ್ದಳು. ಹತ್ತು ಎಂದ. ಸುಮ್ಮನಿದ್ದಳು. ಎದ್ದು ಬಾಗಿಲು ಹಾಕಿ ಬಂದು, ಇದು ನಮ್ಮಿಬ್ಬರಲ್ಲೇ ಇರಲಿ, ಹದಿನೆಂಟು ಎಂದ. ಅಂದರೆ ಇಷ್ಟು ವರ್ಷವೂ ಆ ಹದಿನೆಂಟು ಅವನ ಜೇಬಿನಲ್ಲೇ ಇತ್ತು. ಆ ನಾಲ್ಕನೇ ಮಹಡಿಯಲ್ಲಿ ತಾನೂ ಹಳದಿ ಬಣ್ಣದವಳೇ ಎಂಬುದು ಅಕ್ಕನಿಗೆ ಆಗ ಹೊಳೆಯಿತು. ತಲೆಗೆ ಹಾಕುವ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ರಶೀದಿ ಕೇಳಿ ಪಡೆದು, ಹೊರಬಂದಳು.

ಮುಂದಿನ ತಿಂಗಳು ಮಲಗಿದವರಿಗೆಲ್ಲ ನೂರು ಏರಿತು. ಯಾರೂ ಏಳಲಿಲ್ಲ. ಕಂಪನಿ ಮುಳುಗಿತು, ಮೇಷ್ಟ್ರು ಮಣ್ಣು ಮುಕ್ಕಿದ ಎಂದು ಬರೆಯಲು ನನಗೂ ಆಸೆಯೇ. ಅವನಿಗೆ ಏಳನೇ ಮಹಡಿಯಲ್ಲಿ ಕಿಟಕಿ ಪಕ್ಕದ ಕೋಣೆ ಸಿಕ್ಕಿತು.

ಅಮ್ಮ ನಾಲ್ಕು ತಿಂಗಳು ಇಂಟರ್ನೆಟ್ ಇಲ್ಲದೆ ಇದ್ದಳು. ಬಡಗಿಗೆ ದಿನಾ ಸಂಜೆ ಫೋನ್ ಮಾಡಿ ತನ್ನ ನಡೆ ಹೇಳುವುದು, ಅವರ ನಡೆ ಕೇಳಿಕೊಂಡು ಮನೆಯ ಹಲಗೆಯ ಮೇಲೆ ಕಾಯಿ ಸರಿಸುವುದು. ಹೀಗೆ ದನಿ ಕೇಳಿದ ಮೇಲೆ ಅವರಿಗೆ ಕೆಮ್ಮು ಇದೆ ಎಂದು ಗೊತ್ತಾಯಿತು, ಆಟಕ್ಕಿಂತ ಕೆಮ್ಮಿನ ಮಾತೇ ಉದ್ದವಾಯಿತು. ಆಮೇಲೆ ಬೀಗ ರಿಪೇರಿಯವನ ಪಕ್ಕದ ಗೂಡಿನಂಥ ಅಂಗಡಿಯಲ್ಲಿ ಕೂರುವ, ನಮ್ಮ ಬೀದಿಯೆಲ್ಲ ತಂತಿ ಎಳೆದಿರುವ ಒಬ್ಬ ಮುದುಕನ ಸಂಪರ್ಕ ಹಾಕಿಸಿಕೊಂಡಳು. ಅವನನ್ನು ಎಲ್ಲರೂ ತಂತಿಯಜ್ಜ ಎನ್ನುತ್ತಾರೆ. ಅವನ ಬೋರ್ಡಿನಲ್ಲಿ ಇರುವುದು ಎರಡೇ ಮಾತು: ತಿಂಗಳಿಗೆ ಐನೂರು. ಎಲ್ಲರಿಗೂ.

ತಂತಿಯಜ್ಜ ಸಂತನಲ್ಲ. ಬಾಯಿ ಹೊಲಸು, ಗಾಳಿ ಬೀಸಿದರೆ ಸಂಪರ್ಕ ಹೋಗುತ್ತದೆ, ದೂರಿದರೆ ಗಾಳಿಗೆ ಹೇಳಿ ಎನ್ನುತ್ತಾನೆ. ಕಂಪನಿ ಕೊನೆಗೆ ನಾನೂರ ಐವತ್ತಕ್ಕೆ ಕೊಡುತ್ತಿತ್ತು, ನೀವು ಐವತ್ತು ಹೆಚ್ಚು ಕೊಟ್ಟು ಇವನಲ್ಲಿಗೆ ಬಂದಿರಲ್ಲ ಎಂದು ಕೆಳಮನೆಯವನು ನಕ್ಕ. ನನ್ನ ಬೆಲೆ ಏನಾಯಿತೋ ಎಂದು ತಿಂಗಳು ತಿಂಗಳು ಕಾವಲು ಕಾಯುವುದು ತಪ್ಪಿತಲ್ಲ, ಆ ಐವತ್ತು ಅದಕ್ಕೆ ಎಂದಳು ಅಮ್ಮ. ಕೆಳಮನೆಯವನ ನಾನೂರು ಆರು ತಿಂಗಳ ಗಡುವು ಮುಗಿದು ಒಂಬೈನೂರಕ್ಕೆ ಏರಿದ್ದು ಅವನಿಗೆ ತಿಳಿದದ್ದು ಬಹಳ ತಡವಾಗಿ.

ಅಕ್ಕ ಈಗ ತಂತಿಯಜ್ಜನ ಅಂಗಡಿಯಲ್ಲಿ ಫೋನ್ ಎತ್ತುತ್ತಾಳೆ. ಸಂಬಳ ಮೊದಲಿನ ಅರ್ಧ. ಕರೆ ಮಾಡುವವರು ಹಳೆಯ ಚಾಳಿ ಬಿಟ್ಟಿಲ್ಲ. ಬೆಲೆ ಇಳಿಸದಿದ್ದರೆ ಬಿಟ್ಟು ಹೋಗುತ್ತೇನೆ ಎಂದು ಹೆದರಿಸುತ್ತಾರೆ. ಹೋಗಿ ಬನ್ನಿ, ಡಬ್ಬಿ ಮಾತ್ರ ತಂದುಕೊಟ್ಟು ಹೋಗಿ ಎನ್ನುತ್ತಾಳೆ ಅಕ್ಕ. ಅರ್ಧ ಜನ ಹೋಗುವುದಿಲ್ಲ. ಹೋದವರ ಬಗ್ಗೆ ಅವಳಿಗೆ ಚಿಂತೆಯಿಲ್ಲ.

ಕಳೆದ ತಿಂಗಳು ತಂತಿಯಜ್ಜನೇ ಅವಳ ಎದುರು ಸ್ಟೂಲು ಎಳೆದುಕೊಂಡು ಕೂತು, ಗಂಟಲು ಸರಿಮಾಡಿಕೊಂಡು ಕೇಳಿದನಂತೆ.

“ಹೊಸಬರಿಗೆ ಆರು ತಿಂಗಳು ಅರ್ಧ ಬೆಲೆ ಅಂತ ಒಂದು ಬೋರ್ಡ್ ಹಾಕೋಣ್ವಾ? ಎಲ್ಲರೂ ಹಾಕ್ತಾರೆ.”

“ಹಾಕಿ,” ಎಂದಳಂತೆ ಅಕ್ಕ. “ಆ ಅರ್ಧ ಯಾರ ಹತ್ರ ಕಿತ್ಕೊಳ್ತೀರಿ ಅಂತ ಅದರ ಕೆಳಗೇ ಬರೆಸಿ. ನಮ್ಮಮ್ಮನ ಹೆಸರು ಮೊದಲು ಇರಲಿ.”

ಅವನು ಗೊಣಗುತ್ತಾ ಎದ್ದು ಹೋದ. ಒಂದು ವಾರ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ, ಚಹಾ ತರಿಸಿದರೆ ತನಗೊಂದೇ ಲೋಟ ತರಿಸಿದ. ಬೋರ್ಡಿನವನಿಗೆ ಕೊಟ್ಟ ಮುಂಗಡವನ್ನು ವಾಪಸು ಪಡೆಯಲು ಮೂರು ಸಲ ಓಡಾಡಿ, ಸಿಗದೆ, ಆ ದುಡ್ಡಿಗೆ ಹಳೆಯ ಬೋರ್ಡಿಗೇ ಇನ್ನೊಂದು ಸಲ ಬಣ್ಣ ಹೊಡೆಸಿದ.